ಐದೇ ಕಿಲೋಮೀಟರ್

ನಿನ್ನೆ ಔಷಧದ ಅಂಗಡಿಯಲ್ಲಿ ಯಾರೋ ಮೊಣಕಾಲಿಗೆ ನೋವಿನ ಮುಲಾಮು ತಿಕ್ಕಿಕೊಳ್ಳುತ್ತ ನಿಂತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಗುಳಿಗೆ ಕೊಳ್ಳುವುದನ್ನೂ ಬಿಟ್ಟು ಮನೆಗೆ ಬಂದುಬಿಟ್ಟೆ. ಹೆಂಡತಿ ಬೈದಳು. ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ.

ಅದು ರೇಣುಕಾಳ ವಾಸನೆ. ನಾನು ನಾಸಿಕ್‌ನ ಬ್ಯಾಂಕಿನಲ್ಲಿದ್ದಾಗ ನಮ್ಮ ಕ್ವಾರ್ಟರ್ಸ್ ಎದುರಿನ ಕಟ್ಟಡದಲ್ಲಿ ಅವಳ ಅಪ್ಪ ಅಮ್ಮ ಗಾರೆ ಕೆಲಸಕ್ಕಿದ್ದರು, ವಿಜಾಪುರದ ಕಡೆಯವರು. ಹುಡುಗಿ ಬೆಳಿಗ್ಗೆ ದಿಂಡೋರಿ ರಸ್ತೆಯಲ್ಲಿ ದ್ರಾಕ್ಷಿ ತೋಟಗಳ ಪಕ್ಕ ಓಡುತ್ತಿದ್ದಳು. ನಾನು ಹೊಟ್ಟೆ ಕರಗಿಸಲೆಂದು ಅಲ್ಲಿಯವರೆಗೆ ಸ್ಕೂಟರಿನಲ್ಲಿ ಹೋಗಿ, ನೂರು ಹೆಜ್ಜೆ ನಡೆದು, ಚಹಾ ಕುಡಿದು ಬರುತ್ತಿದ್ದೆ. ಅವಳ ಸ್ಪರ್ಧೆಗಳ ಫಾರಂ ತುಂಬಿಕೊಡುತ್ತಿದ್ದವನು ನಾನೇ. ಅಷ್ಟಕ್ಕೇ 'ನಮ್ಮ ಹುಡುಗಿ' ಎಂದು ಎದೆಯುಬ್ಬಿಸಿ ತಿರುಗುತ್ತಿದ್ದೆ.

ವರ್ಷಗಳ ಮೇಲೆ ಅವಳು ಒಲಿಂಪಿಕ್ಸ್ ಮ್ಯಾರಥಾನಿಗೆ ಹೋದಳು. ಅವಳ ಅಪ್ಪ ಯಮನಪ್ಪ ನಮ್ಮ ಮನೆಯ ಟಿವಿ ಮುಂದೆ ಎರಡೂವರೆ ಗಂಟೆ ಕದಲದೆ ಕೂತಿದ್ದ. ಟಿವಿಯವರು ತೋರಿಸುವುದು ಮುಂದಿರುವವರನ್ನು ಮಾತ್ರ. "ನಮ್ಮಾಕಿ ಯಾವಾಗ ಬರ್ತಾಳ್ರಿ?" ಎಂದು ಕೇಳುತ್ತಲೇ ಇದ್ದ. ಕೊನೆಗೂ ಬರಲಿಲ್ಲ. ಬಹಳ ಹಿಂದುಳಿದು ಓಡಿ ಮುಗಿಸಿದಳೆಂದು ಆಮೇಲೆ ತಿಳಿಯಿತು. ಅಲ್ಲಿಂದ ಅವಳಿಗೆ ಬೇಕಿದ್ದದ್ದು ಒಂದೇ: ಇನ್ನೊಂದು ಒಲಿಂಪಿಕ್ಸ್, ಅಪ್ಪನ ಕಣ್ಣಿಗೆ ಬೀಳುವಷ್ಟು ಮುಂದೆ.

ಅಷ್ಟರಲ್ಲಿ ನನಗೆ ಸಂಭಾಜಿನಗರಕ್ಕೆ ವರ್ಗವಾಯಿತು. ಇಲ್ಲಿನವರು ನನ್ನನ್ನು ಕನ್ನಡ ಸಂಘದ ಕಾರ್ಯದರ್ಶಿ ಮಾಡಿದರು. ಪರರಾಜ್ಯದಲ್ಲಿ ರಾಜ್ಯೋತ್ಸವವೆಂದರೆ ಗೊತ್ತಲ್ಲ: ಬಿಸಿಬೇಳೆ ಭಾತು, ದೇವನಾಗರಿಯಲ್ಲಿ ಬರೆದುಕೊಂಡು ನಾಡಗೀತೆ ಹಾಡುವ ಮಕ್ಕಳು, ಒಬ್ಬ ಅತಿಥಿ. ಆ ಅತಿಥಿಯನ್ನು ನಾನು ತರುತ್ತೇನೆಂದು ಸಭೆಯಲ್ಲಿ ಮೇಜು ಗುದ್ದಿದೆ. ಮಕ್ಕಳೊಡನೆ ರೇಣುಕಾ ಓಡುತ್ತಾಳೆಂದು ಕರಪತ್ರವನ್ನೂ ಅಚ್ಚು ಹಾಕಿಸಿದೆ. ಫೋನ್ ಮಾಡಿದ್ದು ಆಮೇಲೆ.

"ಕಾಕಾ, ಕಾಲಾಗ ಸ್ವಲ್ಪ ತ್ರಾಸ್ ಅದರಿ. ಡಾಕ್ಟರ್ ಆರಾಮ್ ಕರಾ, ಓಡಬ್ಯಾಡ ಅಂದಾರ."

"ಐದೇ ಕಿಲೋಮೀಟರ್ ಅಲ್ಲೇನವಾ! ನಿನಗದು ನಾಷ್ಟಾ ಇದ್ದಂಗ. ಮಂದಿಗೆ ಹೇಳಿಬಿಟ್ಟೀನಿ, ನನ್ನ ಮಾನ ಕಳೀಬ್ಯಾಡ."

"ಬರ್ತೀನ್ರಿ," ಎಂದಳು.

ಬಂದಳು, ಕಾಲಿಗೆ ಆ ಮುಲಾಮು ಬಳಿದುಕೊಂಡು. ನಾಲ್ಕನೆಯ ಕಿಲೋಮೀಟರಿನಲ್ಲಿ ರಸ್ತೆಯ ಮೇಲೇ ಕೂತುಬಿಟ್ಟಳು. ಮೊಣಕಾಲ ಕೆಳಗಿನ ಎಲುಬು ಮುರಿದಿತ್ತು. ನಾವೇನು ಮಾಡಿದೆವು ಗೊತ್ತೇ? ಕುರ್ಚಿಯ ಸಮೇತ ವೇದಿಕೆಗೆ ಎತ್ತಿ ಶಾಲು ಹೊದಿಸಿ, ಫೋಟೊ ತೆಗೆಸಿಕೊಂಡು, ಆಮೇಲೆ ಆಸ್ಪತ್ರೆಗೆ ಒಯ್ದೆವು. ಎಲುಬು ಕೂಡಿತು, ವೇಗ ಬರಲಿಲ್ಲ. ಇನ್ನೊಂದು ಒಲಿಂಪಿಕ್ಸ್ ಅವಳಿಲ್ಲದೆಯೇ ನಡೆದುಹೋಯಿತು. ಯಮನಪ್ಪನೂ ಈಗಿಲ್ಲ.

'ಸ್ವಲ್ಪ ತ್ರಾಸ್' ಅಂದಿದ್ದಳಷ್ಟೇ, ಬಿಡಿಸಿ ಹೇಳಿದ್ದರೆ ನಾನೇನು ರಾಕ್ಷಸನೇ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಳ್ಳುತ್ತ ಬಂದೆ. ನಿನ್ನೆ ಮಾತ್ರ ತಡೆಯಲಾಗದೆ ಫೋನ್ ಮಾಡಿ ಕೇಳಿಯೇಬಿಟ್ಟೆ: "ಅವತ್ತ ಎಲುಬು ಮುರೀತದಂತ ನಿನಗ ಗೊತ್ತಿತ್ತೇನವಾ?"

"ಗೊತ್ತಿತ್ರಿ ಕಾಕಾ. ಮೊದ್ಲೇ ಎಕ್ಸ್‌ರೇದಾಗ ಬಿರುಕು ಕಂಡಿತ್ತು."

"ಮತ್ತ ಯಾಕ ಓಡಿದಿ?"

"ನೀವು ನಮಗ ಇಷ್ಟೆಲ್ಲಾ ಮಾಡಿದ್ರಿ, ಒಮ್ಮೆನೂ ಏನೂ ಕೇಳಿದ್ದಿಲ್ಲ. ಫಸ್ಟ್ ಟೈಮ್ ಕೇಳಿದ್ರಿ."

ಬೈದಿದ್ದರೆ ಹೇಗೋ ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. "ಊಟ ಆತೇನ್ರಿ?" ಎಂದಳು.