ಅಮ್ಮನ ಕಿರುಬೆರಳು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅವತ್ತಿನ ದಿನಚರಿಯಲ್ಲಿ ಬರೆದಿಟ್ಟದ್ದು ಎರಡೇ ಸಾಲು, ಉಳಿದದ್ದು ನೆನಪು. ಆ ನೆನಪಿನ ಮೇಲೆ ನನಗೀಗ ಮೊದಲಿನಷ್ಟು ವಿಶ್ವಾಸವಿಲ್ಲ. ಯಾರಾದರೂ ಇಂಥದ್ದನ್ನು ಹೇಳಿದ್ದರೆ ನಾನೂ ನಗುತ್ತಿದ್ದೆ.

ಆಗ ನಾನು ಕೊಚ್ಚಿಯ ಪಾಲಾರಿವಟ್ಟಂನಲ್ಲಿ ವಕೀಲರೊಬ್ಬರ ಬಳಿ ಜೂನಿಯರ್. ತಿರುವನಂತಪುರದ ಕಾಲೇಜೊಂದರಲ್ಲಿ ಶಿಲ್ಪಕಲೆ ಕಲಿಯಲು ಸೀಟು ಸಿಕ್ಕಿತ್ತು. ಸೋಮವಾರದೊಳಗೆ ಉತ್ತರ ಕೊಡಬೇಕಿತ್ತು. ಅರ್ಜಿ ಹಾಕಿದ್ದು ಗುಟ್ಟಾಗಿ. ಕಾರಣ ಹಳೆಯದು. ನನಗೆ ಆರು ವರ್ಷವಿದ್ದಾಗ, ಕಾಸರಗೋಡಿನ ಮನೆಯಲ್ಲಿ ಅಮ್ಮ ರೊಟ್ಟಿಗೆ ಅಕ್ಕಿ ಕಡೆಯುತ್ತಿದ್ದಳು. ಗೊಂಬೆ ಮಾಡಲೆಂದು ನಾನು ಹಿಟ್ಟಿಗೆ ಕೈಹಾಕಿದೆ. ನನ್ನ ಕೈ ಸರಿಸಲು ಬಂದ ಅಮ್ಮನ ಎಡಗೈ ಕಿರುಬೆರಳು ಗುಂಡುಕಲ್ಲಿನಡಿ ಸಿಕ್ಕಿತು. ಕೊನೆತನಕ ಅದು ಹೊರಕ್ಕೆ ಸೊಟ್ಟಗೇ ಇತ್ತು. "ಇವಳ ಗೊಂಬೆ ಹುಚ್ಚಿಗೆ ಅಕ್ಕನ ಬೆರಳು ಹೋಯ್ತು" ಎಂದು ಚಿಕ್ಕಮ್ಮ ನೆಂಟರಿಗೆಲ್ಲ ಹೇಳುತ್ತಿದ್ದರು. ಅಮ್ಮ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ಅವಳು ತೀರಿಕೊಂಡ ಮೇಲೂ ಜೇಡಿಮಣ್ಣು ಮುಟ್ಟಿದರೆ ಆ ಬೆರಳೇ ಕಣ್ಣಮುಂದೆ ಬರುತ್ತಿತ್ತು.

ಬೇಡವೆಂದು ತಿಳಿಸುವ ಮೊದಲು ಆ ಊರಿನ ಶಿಲ್ಪಗಳ ಮ್ಯೂಸಿಯಂ ಒಮ್ಮೆ ನೋಡಿಬಿಡೋಣವೆಂದು ಶನಿವಾರ ರೈಲು ಹತ್ತಿದೆ. ಕೊನೆಯ ಕೋಣೆಯಲ್ಲಿ, ಕಿಟಕಿಯ ಪಕ್ಕ, ಕುಳಿತ ಹೆಂಗಸಿನ ಕರಿಕಲ್ಲಿನ ಶಿಲ್ಪವಿತ್ತು. ಮುಖ ಅಮ್ಮನದಲ್ಲ. ಆದರೆ ಒಂದು ಕಾಲು ಮಡಚಿ ಕುಳಿತ ರೀತಿ ಅವಳದೇ. ಮೊಣಕಾಲ ಮೇಲಿಟ್ಟ ಎಡಗೈಯ ಕಿರುಬೆರಳು ಹೊರಕ್ಕೆ ಸೊಟ್ಟಗಿತ್ತು. ನನಗರಿವಿಲ್ಲದೆ ಕೈ ಚಾಚಿದೆ.

"ಮೋಳೇ, ತೊಡಲ್ಲೇ!" ಮಗಳೇ, ಮುಟ್ಟಬೇಡ ಎನ್ನುತ್ತ ಕಾವಲಿನ ಹೆಂಗಸು ಓಡಿಬಂದಳು. ನನ್ನ ಮುಖ ನೋಡಿ ಮೆತ್ತಗಾದಳು. ಮಲಯಾಳದಲ್ಲೇ, "ಮಕ್ಕಳೆಲ್ಲ ಇವಳ ಮೂಗು ಹಿಡೀತಾರೆ. ಬೆರಳು ಹಿಡಿಯೋಕೆ ಬಂದವಳು ನೀನೊಬ್ಬಳೇ" ಎಂದಳು.

ಇವಳು ಯಾರೆಂದು ಕೇಳಿದೆ.

"ಯಾರಿಗೆ ಗೊತ್ತು? ಇಷ್ಟು ವರ್ಷ ಜೊತೆಗಿದ್ದೇನೆ, ಒಂದು ಮಾತಾಡಿಲ್ಲ. ನನ್ನ ಹಾಗಲ್ಲ."

ಫಲಕದಲ್ಲಿ ಯಾರ ಹೆಸರೂ ಇರಲಿಲ್ಲ, ಕೆತ್ತಿದ ವರ್ಷ ಮಾತ್ರ. ಅದು ನಾನು ಹುಟ್ಟುವುದಕ್ಕೆ ಮೂರು ವರ್ಷ ಮೊದಲಿನದು. ಎರ್ನಾಕುಲಂ ದಾಟಿ ತೆಂಕಕ್ಕೆ ಹೋದವಳೇ ಅಲ್ಲ ಎನ್ನುತ್ತಿದ್ದಳು ಅಮ್ಮ. ಸೊಟ್ಟ ಬೆರಳಿನವರು ಲೋಕದಲ್ಲಿ ಬೇಕಾದಷ್ಟಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಅಲ್ಲಿಯ ಬೆಂಚಿನಲ್ಲಿ ಎಷ್ಟೋ ಹೊತ್ತು ಕುಳಿತೆ. ಅಮ್ಮನ ಬೆರಳು ಜಜ್ಜಿದ ಆ ಮಧ್ಯಾಹ್ನ ಗುಂಡುಕಲ್ಲು ಕಂಡದ್ದು, ರಕ್ತ ಕಂಡದ್ದು, ಅಮ್ಮನ ಕಿರುಚಾಟ ಎಲ್ಲವೂ ನನಗೆ ನೆನಪಿದೆ. ಅದನ್ನು ನಾನು ಕಂಡೆನೋ, ಚಿಕ್ಕಮ್ಮ ಹೇಳಿದ್ದನ್ನು ಕೇಳಿ ಕೇಳಿ ಕಂಡಂತಾಯಿತೋ ಎಂದು ಅಲ್ಲಿಯವರೆಗೆ ಒಮ್ಮೆಯೂ ಯೋಚಿಸಿರಲಿಲ್ಲ.

ವಾಪಸು ಬರುವಾಗ ರೈಲಿನಲ್ಲೇ ಕಾಲೇಜಿಗೆ ಒಪ್ಪಿಗೆ ಕಳಿಸಿದೆ.

ಮನೆಯಲ್ಲಿ ಅಮ್ಮನ ಮದುವೆಯ ಫೋಟೊ ತೆಗೆದು ನೋಡಿದೆ. ಎಡಗೈ ಸೆರಗಿನೊಳಗಿದೆ. ಬೆರಳು ಜಜ್ಜಿದ ದಿನ ಅಡುಗೆಮನೆಯಲ್ಲಿದ್ದವರಲ್ಲಿ ಈಗ ಉಳಿದಿರುವವರು ಚಿಕ್ಕಮ್ಮ ಒಬ್ಬರೇ. ಊರಿಗೆ ಹೋಗಿ ಕೇಳಿದಾಗಲೆಲ್ಲ, "ಮೊದಲು ಚಾ ಕುಡಿ ಮಾರಾಯ್ತಿ" ಎಂದು ಲೋಟ ಮುಂದಿಟ್ಟು ಒಳಗೆ ಹೋಗಿಬಿಡುತ್ತಾರೆ. ನಾನು ಕೇಳುವುದು ಇಷ್ಟೇ: "ಚಿಕ್ಕಮ್ಮಾ, ನಾನು ಹುಟ್ಟುವ ಮೊದಲೇ ಅಮ್ಮನ ಬೆರಳು ಸೊಟ್ಟ ಇತ್ತಾ?"