ಚಕ್ರರಾಹುವಿಗೆ ಹೋದ ಹೊಲಿಗೆ

ಸಾಣಾಪುರದ ಬಂಡೆಗಳಿಗೆ ಬಿಸಿಲು ಇನ್ನೂ ತಾಗಿಲ್ಲ. ಬಸವಣ್ಣೆಮ್ಮ ಆಗಲೇ ಕಟ್ಟೆಯ ಮೇಲೆ ಹೊಲಿಗೆ ಮಷಿನ್ ಮುಂದೆ ಕೂತಿದ್ದಾರೆ. ಬಂಡೆ ಹತ್ತುವವರು ಬಿದ್ದರೆ ಪೆಟ್ಟಾಗದಿರಲೆಂದು ಕೆಳಗೆ ಹಾಸುವ ದಪ್ಪ ಗಾದಿಯ ಮೂಲೆ ಕಿತ್ತುಹೋಗಿದೆ. ಎಂಟಕ್ಕೆಲ್ಲ ಗಾದಿಯವರು ಬಂದು ನಿಲ್ಲುತ್ತಾರೆ. ಚಳಿಗಾಲದಲ್ಲಿ ದಿನಕ್ಕೆ ಇಂಥ ಆರೇಳು ಗಾದಿ, ಚೀಲ, ಡೇರೆಗಳು ಐವತ್ತೆರಡರ ಈ ಹೆಣ್ಣುಮಗಳ ಕೈ ದಾಟುತ್ತವೆ.

ಮೊದಲು ಅವರು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ದಿನಕ್ಕೆ ಮುನ್ನೂರು ಚೀಲಗಳ ಬಾಯಿ ಹೊಲಿಯುತ್ತಿದ್ದರು. ಆ ಕೆಲಸಕ್ಕೆ ಯಂತ್ರ ಬಂತು, ಹದಿನಾಲ್ಕು ಹೆಂಗಸರು ಒಂದೇ ದಿನ ಮನೆ ಸೇರಿದರು. ತಾಡಪತ್ರಿ ಅಂಗಡಿಯ ಬಾಬಾಸಾಬ ಕರೆದು ತಮ್ಮ ಹಳೆಯ ಮಷಿನ್ ಕೊಟ್ಟರು. ಅಂಚು ಮಡಚಿ ಎರಡು ಸಾಲು ಹಾಕುವ ಗಟ್ಟಿ ಹೊಲಿಗೆಯನ್ನು ಎರಡು ವರ್ಷ ಪಕ್ಕದಲ್ಲೇ ಕೂರಿಸಿಕೊಂಡು ಕಲಿಸಿದರು. "ಕೈ ಅಷ್ಟ ನಂದರಿ, ವಿದ್ಯಾ ಎಲ್ಲಾ ಕಾಕಾಂದು" ಎನ್ನುತ್ತಾರೆ ಬಸವಣ್ಣೆಮ್ಮ.

ಹೋದ ಚಳಿಗಾಲ ಪೆರು ದೇಶದ ಲೂಸಿಲಾ ಹರಿದ ಡೇರೆಯೊಂದನ್ನು ತಂದಳು. ಅವಳ ಸೀಮೆಯ ಚಕ್ರರಾಹು ಎಂಬ ಹಿಮಬೆಟ್ಟ ಆರು ಸಾವಿರ ಮೀಟರಿಗೂ ಎತ್ತರ. ಅದನ್ನು ಹತ್ತಲು ಬೇಕಾದ ಡೇರೆ. ಹೆಸರು ಕೇಳಿ, ಇದೇನು ರಾಹುವಿನ ಕಾಟವೋ ಎಂದು ಬಸವಣ್ಣೆಮ್ಮ ದಿಗಿಲುಬಿದ್ದರಂತೆ. ಅಲ್ಲಿಯ ಕೆಚುವಾ ಮಾತಿನಲ್ಲಿ ಚಕ್ರ ಅಂದರೆ ಹೊಲ, ರಾಹು ಅಂದರೆ ಹಿಮ ಎಂದು ಪಕ್ಕದ ಹೋಂಸ್ಟೇ ಸುನಿತಾ ಲೂಸಿಲಾಳಿಂದಲೇ ತಿಳಿದು ಹೇಳಿದ ಮೇಲೆ ಜೀವಕ್ಕೆ ಸಮಾಧಾನ.

ಹೊರಡುವ ದಿನ ಹೊಸಪೇಟೆ ರೈಲಿಗೆಂದು ಆಟೊ ಬಂದು ನಿಂತಿತ್ತು. ಮುಗಿದ ಡೇರೆ ಮಡಚುವಾಗ ಒಂದು ಕಡೆ ಹೊಲಿಗೆ ಅಂಚು ಬಿಟ್ಟಿದ್ದು ಬಸವಣ್ಣೆಮ್ಮನ ಬೆರಳಿಗೆ ತಾಗಿತು. ಕೂತು ಬಿಚ್ಚತೊಡಗಿದರು. ಸಾಕು ಬಿಡು ಅಂತ ಸುನಿತಾ ಹೇಳಿದರೂ ಕೇಳಲಿಲ್ಲ.

"ರೈಲು ನಾಳಿಗೂ ಬರ್ತೈತಿ. ಅಲ್ಲಿ ಗಾಳಿಗೆ ಇದು ಬಿಚ್ಚಿದ್ರ ಆ ಹುಡುಗಿಗೆ ಯಾರದಾರ?"

ರೈಲು ತಪ್ಪಿತು. ಲೂಸಿಲಾ ಮರುದಿನ ಮುಖ ಗಂಟಿಕ್ಕಿಕೊಂಡೇ ಹೋದಳು. ಆರು ತಿಂಗಳು ಸುದ್ದಿಯಿಲ್ಲ. ಬೇಸರ ಮಾಡಿಕೊಂಡಿದ್ದಾಳೆ ಎಂದೇ ಬಸವಣ್ಣೆಮ್ಮ ತಿಳಿದಿದ್ದರು.

ಜುಲೈನಲ್ಲಿ ಸುನಿತಾಳ ಮೊಬೈಲಿಗೆ ಲೂಸಿಲಾಳ ಸಂದೇಶ ಬಂತು. ಚಕ್ರರಾಹುವಿನ ಇಳಿಜಾರಲ್ಲಿ ಎರಡು ದಿನ ಬಿರುಗಾಳಿ, ಆ ಒಂದೇ ಡೇರೆಯೊಳಗೆ ಮೂವರು. ಕಂಬಿ ಬಾಗಿತು, ಹೊಲಿಗೆ ಬಿಡಲಿಲ್ಲ. ತುದಿ ಮುಟ್ಟಲಾಗದಿದ್ದರೂ ಮೂವರೂ ತಮ್ಮ ಕಾಲ ಮೇಲೆ ಇಳಿದು ಬಂದರು. ಅವತ್ತು ರೈಲು ತಪ್ಪಿಸಿದ ಅಕ್ಕನಿಗೆ ನಾವು ಋಣಿ ಎಂದು ಬರೆದಿತ್ತು.

ಬಸವಣ್ಣೆಮ್ಮ ಮಷಿನ್ ಮುಚ್ಚಿ ಗಂಗಾವತಿ ಬಸ್ ಹತ್ತಿದರು. ಕಣ್ಣು ಮಂಜಾಗಿ ಮನೆಯಲ್ಲೇ ಇರುವ ಬಾಬಾಸಾಬರ ಪಕ್ಕ ಕೂತು ಎಲ್ಲವನ್ನೂ ಹೇಳಿದರು. ಮುದುಕ ಬಹಳ ಹೊತ್ತು ಅವರ ಕೈ ಹಿಡಿದುಕೊಂಡೇ ಇದ್ದರಂತೆ.

ಆ ಬೆಟ್ಟ ನೋಡುವ ಆಸೆಯಿದೆಯೇ ಎಂದರೆ ಬಸವಣ್ಣೆಮ್ಮ ನಗುತ್ತಾರೆ.

"ಬೆಟ್ಟ ತಗೊಂಡು ಏನ್ ಮಾಡ್ಲಿರಿ. ಆ ಡೇರೆ ಒಮ್ಮಿ ವಾಪಸ್ ಬಂದ್ರ ಸಾಕು. ಅಷ್ಟು ಹಿಮಾ ತಡಕೊಂಡ ಹೊಲಿಗಿ ಹೆಂಗ ಆಗೈತಿ, ಕೈಲೆ ಮುಟ್ಟಿ ನೋಡಬೇಕು."