ತಿಕೋಟಾದ ದಾರಿಯೋ, ಬಬಲೇಶ್ವರದ ದಾರಿಯೋ

ಸಿಟ್ಟು ನನಗೆ ಮೂಗಿನ ತುದಿಯ ಮೇಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಹೇಳುವುದರಲ್ಲಿ ನಾನೇನೂ ಒಳ್ಳೆಯವನಾಗಿ ಕಾಣುವುದಿಲ್ಲ. ಎರಡನೆಯ ಮಹಾಯುದ್ಧ ಮುಗಿದು ಮೂರನೆಯದೋ ನಾಲ್ಕನೆಯದೋ ಚಳಿಗಾಲ ಅದು. ತಿಕೋಟಾದಲ್ಲಿ, ರಸ್ತೆಗೆ ಹತ್ತಿಕೊಂಡೇ ಇದ್ದ ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ ಇದ್ದೆವು. ನನಗಿನ್ನೂ ಮದುವೆಯಾಗಿರಲಿಲ್ಲ. ಸ್ವಲ್ಪ ಕಪ್ಪು ಮಣ್ಣಿನ ಎರಿಹೊಲ, ಒಂದು ಜೋಡಿ ಎತ್ತು, ಒಂದು ಗಾಡಿ. ಹೊಲದಲ್ಲಿ ಕೆಲಸವಿಲ್ಲದ ದಿನಗಳಲ್ಲಿ ರಸ್ತೆ ಗುತ್ತಿಗೆದಾರನಿಗೆ ಗಾಡಿ ಹೊಡೆದು ಖಡಿ, ಅಂದರೆ ಒಡೆದ ಜಲ್ಲಿಕಲ್ಲು, ಹೇರುತ್ತಿದ್ದೆ. ಆ ವರ್ಷ ಬಬಲೇಶ್ವರದ ರಸ್ತೆಗೆ ಹೊಸದಾಗಿ ಖಡಿ ಬಿದ್ದಿತ್ತು. ಅದರಲ್ಲಿ ನೂರಾರು ಗಾಡಿ ನನ್ನವೇ.

ಒಂದು ದಿನ ಅಂಚೆಯವನು ಒಂದು ಕಾರ್ಡು ಕೊಟ್ಟು ಹೋದ. ಅಣ್ಣನದು. ಮನೆ ಬಿಟ್ಟು ಹೋದ ಆರು ವರ್ಷಕ್ಕೆ ಅವನ ಕೈಬರಹ ಕಂಡೆವು.

ಅಣ್ಣ ಮನೆ ಬಿಟ್ಟದ್ದು ಸೈಕಲ್ಲಿನ ಸಲುವಾಗಿ. ಸಾಲಿ ಕಲಿಯುವಾಗಲೇ ವಿಜಾಪುರಕ್ಕೆ ಹೋದರೆ ಸ್ಟೇಷನ್ ರಸ್ತೆಯಲ್ಲಿ ತಾಸಿನ ಬಾಡಿಗೆಗೆ ಸೈಕಲ್ಲು ತಗೊಂಡು ಗೋಳಗುಮ್ಮಟಕ್ಕೆ ಸುತ್ತು ಹಾಕುತ್ತಿದ್ದ. ಒಂದು ವರ್ಷ ಹಿಂಗಾರಿ ಬಿತ್ತಿಗೆಯ ದಿನವೇ ವಿಜಾಪುರದಲ್ಲಿ ಏನೋ ಸೈಕಲ್ ಶರ್ಯತ್ತು ಇತ್ತು. ಇವನು ಕೂರಿಗೆಯನ್ನು ಹೊಲದಲ್ಲೇ ಬಿಟ್ಟು ಓಡಿದ. ಆಳುಗಳು ಬಂದು ಕೂತಿದ್ದರು, ಭೂಮಿಯ ಹಸಿ ಆರುತ್ತಿತ್ತು. ಸಂಜೆ ಅವನು ಗೆದ್ದು ಬಂದಾಗ ಅಪ್ಪ ಬಾಗಿಲಲ್ಲೇ ನಿಲ್ಲಿಸಿ, ಸೈಕಲ್ಲೇ ನಿನಗೆ ಅಪ್ಪ ಆಗಿದ್ದರೆ ಅದರ ಮನೆಗೇ ಹೋಗು ಎಂದ. ಅವನು ಹೋಗಿಯೇ ಬಿಟ್ಟ. ಮುಂಬೈಯ ಒಂದು ಸೈಕಲ್ ಕಂಪನಿಯಲ್ಲಿ ಸೇರಿದ್ದಾನೆ, ಸೈಕಲ್ಲು ಹೊಡೆಯುವುದಕ್ಕೇ ಪಗಾರ ಕೊಡುತ್ತಾರೆ ಎಂದು ಯಾರೋ ಸುದ್ದಿ ತಂದರು. ಸೈಕಲ್ಲು ಹೊಡೆದರೆ ಪಗಾರವೇ ಎಂದು ಊರಿನವರು ನಕ್ಕರು. ಎರಡು ವರ್ಷಕ್ಕೆ ಅಪ್ಪ ತೀರಿಕೊಂಡ. ನಾವು ಕೊಟ್ಟ ತಾರು ಅವನಿಗೆ ಮುಟ್ಟಿತೋ ಇಲ್ಲವೋ, ಮಣ್ಣಿಗೂ ಅವನು ಬರಲಿಲ್ಲ. ಆಮೇಲೆ ಊರಿನವರು ನಗುವುದನ್ನು ಬಿಟ್ಟು ಬೈಯಲು ಸುರು ಮಾಡಿದರು. ಅವರ ಜೊತೆ ನಾನೂ ಬೈದೆ. ಅವ್ವ ಮಾತ್ರ ಒಂದು ಮಾತೂ ಆಡಲಿಲ್ಲ. ಅವಳ ಆ ಸುಮ್ಮನಿರುವಿಕೆಯೇ ನನಗೆ ಉರಿ ಹಚ್ಚುತ್ತಿತ್ತು. ಹೊಲ ನೋಡಿಕೊಂಡವನು ನಾನು, ಅವಳ ಮನಸ್ಸೆಲ್ಲ ಓಡಿಹೋದವನ ಮೇಲೆ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಕಾರ್ಡಿನಲ್ಲಿ ನಾಲ್ಕೇ ಸಾಲು. ಕಂಪನಿಗಳೆಲ್ಲ ಕೂಡಿ ಮುಕ್ಕಾಮು ಮಾಡುತ್ತ ಸಾಗುವ ದೊಡ್ಡ ರೇಸು ನಡೆಸುತ್ತಿವೆ, ಸೊಲ್ಲಾಪುರದಿಂದ ವಿಜಾಪುರಕ್ಕೆ ಬರುತ್ತೇವೆ, ಅಲ್ಲಿಂದ ಬೆಳಗಾವಿಗೆ ಹೋಗಬೇಕು. ನಡುವಿನ ಮುಕ್ಕಾಮು ಅಥಣಿಯೋ ಜಮಖಂಡಿಯೋ ಇನ್ನೂ ತಿಳಿಸಿಲ್ಲ. ಮನೆಗೆ ಬರುವುದಕ್ಕೆ ನನಗೆ ಮುಖವಿಲ್ಲ. ಅವ್ವನಿಗೆ ಮನಸ್ಸಿದ್ದರೆ ರಸ್ತೆ ಮಗ್ಗಲು ನಿಲ್ಲಲಿ, ಕಂಡರೆ ಇಳಿದು ಕಾಲು ಮುಟ್ಟಿ ಹೋಗುತ್ತೇನೆ.

ನಾನು ಓದಿ ಹೇಳಿದೆ. ಅವ್ವ ಇನ್ನೊಮ್ಮೆ ಓದಿಸಿದಳು. ಮೂರನೆಯ ಸಲ ಕೇಳಿದಾಗ ನನಗೆ ಸಿಟ್ಟು ಬಂದು, ಅದೇನು ಪುರಾಣವೇ ಎಂದೆ. ಅವಳು ಕಾರ್ಡನ್ನು ತಗೊಂಡು ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ವಿಜಾಪುರಕ್ಕೇ ಹೋಗಿ ಅವನನ್ನು ನೋಡೋಣವೆಂದರೆ, ಸವಾರರನ್ನು ಒಂದು ಬಂಗಲೆಯಲ್ಲಿಟ್ಟು ಯಾರಿಗೂ ಭೇಟಿಗೆ ಬಿಡುವುದಿಲ್ಲವೆಂದು ತಿಳಿಯಿತು. ಹಾಗಾಗಿ ಉಳಿದದ್ದು ಒಂದೇ ಪ್ರಶ್ನೆ. ಅಥಣಿಗೆ ಹೋಗುವುದಾದರೆ ರೇಸು ನಮ್ಮ ಮನೆಯ ಮುಂದೆಯೇ ಹಾಯಬೇಕು. ಜಮಖಂಡಿಗಾದರೆ ಬಬಲೇಶ್ವರದ ಮೇಲೆ ಹೋಗಬೇಕು. ಎರಡಕ್ಕೂ ನಡುವೆ ಗಾಡಿಯ ದಾರಿಯಲ್ಲಿ ನಾಲ್ಕೈದು ತಾಸು. ಎರಡು ಕಡೆ ನಿಲ್ಲಲು ಸಾಧ್ಯವಿಲ್ಲ.

ಆ ಹದಿನೈದು ದಿನ ನಾನು ಬೇರೆ ಕೆಲಸ ಮಾಡಲಿಲ್ಲ. ಕಂಡಕಂಡವರನ್ನು ಕೇಳಿದೆ. ಕಾಖಂಡಕಿಯ ಕಡೆಯಿಂದ ಕುಸುಬಿ ಹೇರಿಕೊಂಡು ಬಂದವರು, ಬಬಲೇಶ್ವರದ ರಸ್ತೆಯಲ್ಲಿ ಕಲ್ಲುಗಳಿಗೆ ಸುಣ್ಣ ಬಳಿಯುತ್ತಿದ್ದಾರೆ ಎಂದರು. ಸುಣ್ಣ ಸುಮ್ಮನೆ ಬಳಿಯುತ್ತಾರೆಯೇ? ನಾನು ಗಟ್ಟಿಯಾದೆ. ಆದರೂ ಒಂದು ದಿನ ವಿಜಾಪುರಕ್ಕೆ ಹೋಗಿ, ಸ್ಟೇಷನ್ ರಸ್ತೆಯಲ್ಲಿ ಅಣ್ಣ ಬಾಡಿಗೆಗೆ ಒಯ್ಯುತ್ತಿದ್ದ ಸೈಕಲ್ ಅಂಗಡಿಯ ಮುದುಕನನ್ನು ಕೇಳಿದೆ. ಅವನು ಪಂಕ್ಚರಿನ ತುಂಡು ಉಜ್ಜುತ್ತ, ತಲೆ ಎತ್ತದೆ ಅಂದ: "ಹೊಸಾ ಖಡಿ ಮ್ಯಾಲ ಯಾರ ರೇಸ್ ಬಿಡತಾರಪಾ? ನೀ ಗಾಡಿ ಕಣ್ಣಿಲೆ ರಸ್ತಾ ನೋಡಾಕತ್ತಿ."

ನನಗೆ ಮೈಯೆಲ್ಲ ಉರಿಯಿತು. ಆ ರಸ್ತೆಗಾಗಿ ನನ್ನ ಎತ್ತುಗಳ ಹೆಗಲು ಬಾತಿದ್ದವು. ಕೆಸರಿನಲ್ಲಿ ಗಾಲಿ ಹೂತುಹೋಗುತ್ತಿದ್ದ ದಾರಿ, ಈಗ ಗಾಡಿ ಬಿಟ್ಟರೆ ಗಡಗಡ ಎಂದು ಸೀದಾ ಹೋಗುತ್ತದೆ. ಅದಕ್ಕಿಂತ ಒಳ್ಳೆಯ ರಸ್ತೆ ಜಿಲ್ಲೆಯಲ್ಲೇ ಇಲ್ಲ. ನಮ್ಮೂರ ರಸ್ತೆಯೋ ಹಳೆಯದು, ಸವೆದು ಸವೆದು ಹಂಚಿನ ಹಾಗೆ ನುಣ್ಣಗಾದದ್ದು. ಅದರ ಮೇಲೆ ಮುಂಬೈಯವರು ಬರುತ್ತಾರೆಯೇ? ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನನಗೆ ನನ್ನ ಖಡಿ ರಸ್ತೆ ಹಾಗಿತ್ತು. ಸೈಕಲ್ಲಿನ ತೆಳ್ಳನೆಯ ಟಾಯರಿಗೆ ಹೊಸ ಖಡಿಯ ಒಂದೊಂದು ಹರಳೂ ಚೂರಿ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಮುದುಕನಿಗೆ ನಾಲ್ಕು ಮಾತು ಅಂದು ಬಂದೆ. ಅವ್ವನಿಗೆ, ಬಬಲೇಶ್ವರವೇ ನಕ್ಕಿ, ಅನುಮಾನವೇ ಬೇಡ ಎಂದು ಹೇಳಿದೆ.

"ಖರೇ ಏನೋ?" ಎಂದಳು.

"ನಾ ಹೇಳೇನಲ್ಲ, ಮತ್ತೇನು."

ರೇಸಿನ ಹಿಂದಿನ ದಿನ ಅವ್ವ ಶೇಂಗಾ ಹೋಳಗಿ ಮಾಡಿದಳು, ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚಿ ತಟ್ಟಿದಳು. ಓಡುವ ಸೈಕಲ್ಲಿಗೆ ಇದನ್ನೆಲ್ಲ ಹೇಗೆ ಕೊಡುತ್ತೀ ಎಂದು ಕೇಳಿದೆ. ಅವಳು ಇನ್ನೂ ಎರಡು ರೊಟ್ಟಿ ತಟ್ಟಿದಳು.

ಮರುದಿನ ಹೊತ್ತು ಮೂಡುವ ಮೊದಲೇ ಗಾಡಿ ಹೂಡಿದೆ. ಬಾಗಿಲಿಗೆ ಕೀಲಿ ಹಾಕಿದೆ. ನಮ್ಮ ಕಡೆ ಒಂದು ಪದ್ಧತಿ ಇದೆ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಹಿಂದಿನಿಂದ ಕರೆಯಬಾರದು. ಕರೆದರೆ ಹೋದ ಕೆಲಸ ಆಗುವುದಿಲ್ಲ. ಮಗ್ಗಲಿನ ಮನೆಯ ದೊಡ್ಡವ್ವ ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು. ನಮ್ಮನ್ನು ನೋಡಿದಳು, ಪದ್ಧತಿಯಂತೆ ಏನೂ ಕೇಳಲಿಲ್ಲ. ನಾವೂ ಹೇಳಲಿಲ್ಲ.

ಗಾಡಿ ಊರ ಕೊನೆಯ ಮನೆ ದಾಟಿ ಹಳ್ಳಕ್ಕೆ ಇಳಿಯುವ ಹೊತ್ತಿಗೆ ಹಿಂದಿನಿಂದ ಕೂಗು ಕೇಳಿಸಿತು. ಅದೇ ದೊಡ್ಡವ್ವ. ಸೆರಗು ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದಳು. ಏನು ಕೂಗುತ್ತಿದ್ದಾಳೆ ಎನ್ನುವುದು ಗಾಲಿಯ ಸದ್ದಿನಲ್ಲಿ ತಿಳಿಯುವಂತಿರಲಿಲ್ಲ. ಆದರೆ ಕೂಗುತ್ತಿದ್ದದ್ದು ನಮ್ಮನ್ನೇ.

"ಗಾಡಿ ನಿಂದರಸು," ಎಂದಳು ಅವ್ವ. "ಕರ್ಯಾಕತ್ತಾಳ."

"ಹೊಳ್ಳಿ ನೋಡಬ್ಯಾಡ ಬೇ. ಇಂಥಾ ಕೆಲಸಕ್ಕ ಹೊಂಟಾಗ ಹಿಂದಿಂದ ಕರೀತಾಳಂದ್ರ ಆಕಿಗೆ ಬುದ್ಧಿ ಬ್ಯಾಡಾ?"

ಅವ್ವ ಅರ್ಧ ತಿರುಗಿದ್ದಳು. ನಾನು ಅವಳ ತೋಳು ಹಿಡಿದು ಮುಂದಕ್ಕೆ ತಿರುಗಿಸಿ, ಎತ್ತಿಗೆ ಬಾರುಕೋಲು ಬೀಸಿದೆ. ಕೂಗು ಸ್ವಲ್ಪ ದೂರ ಬಂದು ನಿಂತುಹೋಯಿತು.

ಬಬಲೇಶ್ವರದಲ್ಲಿ ರಸ್ತೆ ಮಗ್ಗಲ ಬೇವಿನ ಮರದ ಕೆಳಗೆ ಗಾಡಿ ಬಿಟ್ಟೆವು. ನಮ್ಮ ಹಾಗೆಯೇ ಹತ್ತಿಪ್ಪತ್ತು ಜನ ನಿಂತಿದ್ದರು. ಕಲ್ಲುಗಳಿಗೆ ಸುಣ್ಣ ಹೊಡೆದದ್ದು ನಿಜವೇ. ಅವ್ವ ಗಾಡಿಯ ನೆರಳಿಗೂ ಬರದೆ ರಸ್ತೆಯ ಅಂಚಿನಲ್ಲಿ ಬುಟ್ಟಿ ಹಿಡಿದು ನಿಂತಳು. ಒಂದು ತಾಸಾಯಿತು, ಎರಡು ತಾಸಾಯಿತು. ದೂರದಲ್ಲಿ ಧೂಳೆದ್ದರೆ ಸಾಕು, ಹಣೆಗೆ ಕೈ ಹಚ್ಚುತ್ತಿದ್ದಳು. ಧೂಳಿನೊಳಗಿಂದ ಕುರಿಯ ಹಿಂಡೋ ಹೊಟ್ಟಿನ ಗಾಡಿಯೋ ಬರುತ್ತಿತ್ತು. ಹೊತ್ತು ನೆತ್ತಿಗೆ ಬಂದ ಮೇಲೆ ವಿಜಾಪುರದ ಬಸ್ಸು ಬಂತು. ಸೈಕಲ್ಲಿನವರು ಎಲ್ಲಿ ಎಂದು ಜನ ಕೇಳಿದರು. ಬೆಳಗ್ಗೇನೇ ತಿಕೋಟಾದ ದಾರಿ ಹಿಡಿದು ಅಥಣಿಗೆ ಹೋದರಲ್ಲ ಎಂದು ಬಸ್ಸಿನವನು ಹೇಳಿದ. ಸುಣ್ಣ ಯಾರೋ ಸಾಹೇಬರ ಸವಾರಿಗೆ ಬಳಿದದ್ದಂತೆ.

ಅವ್ವ ನನ್ನನ್ನು ಬೈಯಬಹುದೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬುಟ್ಟಿಯನ್ನು ಗಾಡಿಯಲ್ಲಿಟ್ಟು ಹತ್ತಿ ಕೂತಳು. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಸುಣ್ಣ ಬಳಿದವರನ್ನು, ಕಾಖಂಡಕಿಯವರನ್ನು, ಮುಂಬೈಯವರನ್ನು ಎಲ್ಲರನ್ನೂ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. 

ಮನೆ ಮುಟ್ಟಿದಾಗ ದೊಡ್ಡವ್ವ ನಮ್ಮ ಕಟ್ಟೆಯ ಮೇಲೇ ಕೂತಿದ್ದಳು. ಅವಳು ಹೇಳಿದ್ದು ಇಷ್ಟು. ಯಾವ ದಾರಿ ಹಿಡಿಯಬೇಕೆಂದು ಹಿಂದಿನ ಸಂಜೆಯವರೆಗೂ ರೇಸಿನವರು ಗೊತ್ತು ಮಾಡಿರಲಿಲ್ಲ. ಈ ಕಡೆಯವನು ನೀನೊಬ್ಬನೇ, ನೀನೇ ಹೇಳು ಎಂದು ಅಣ್ಣನನ್ನು ಕೇಳಿದರಂತೆ. ಬಬಲೇಶ್ವರದ ಕಡೆ ಹೊಸ ಖಡಿ, ಟಾಯರು ಉಳಿಯುವುದಿಲ್ಲ ಎಂದು ಹೇಳಿ ಅವನೇ ತಿಕೋಟಾದ ದಾರಿ ಗೊತ್ತು ಮಾಡಿಸಿದ. ಕೂಡಲೇ, ಬಂಗಲೆಗೆ ಎಣ್ಣೆ ಹಾಕಲು ಬಂದಿದ್ದ ನಮ್ಮೂರಿನ ಒಬ್ಬ ಎಣ್ಣೆ ಮಾರುವವನ ಕೈಯಲ್ಲಿ ಸುದ್ದಿ ಕಳಿಸಿದ. ಅವನು ಬೆಳಗಿನ ಜಾವ ಊರಿಗೆ ಬಂದು ದೊಡ್ಡವ್ವನಿಗೆ ಹೇಳಿದಾಗ ನಮ್ಮ ಗಾಡಿ ಆಗಲೇ ಹೊರಟಿತ್ತು. ಅದಕ್ಕೇ ಅವಳು ಪದ್ಧತಿ ಗಿದ್ಧತಿ ಬಿಟ್ಟು ಹಿಂದೆ ಓಡಿದ್ದು.

"ಬಂದ, ಇಳದ. ಕೀಲಿ ನೋಡಿದ," ಎಂದಳು. "ನಾ ಬರೋದು ಅವ್ವಗ ಗೊತ್ತಿಲ್ಲೇನು ಅಂದ. ನಾ ಖರೇನಽ ಹೇಳಿದೆ. ಕೂಗಿ ಕರದೆಪಾ, ನಿಮ್ಮವ್ವ ಹೊಳ್ಳಲಿಲ್ಲ, ಗಾಡಿ ಹೊಡಕೊಂಡು ಹೋದ್ರು, ಎಲ್ಲಿಗಂತ ನಾ ಕೇಳಿಲ್ಲ ಅಂದೆ. ಹೊಸ್ತಲಕ್ಕ ಹಣಿ ಹಚ್ಚಿ ಹೋದ."

ಅವಳ ಮೇಲೆ ಸಿಟ್ಟು ಮಾಡಲು ನನಗೆ ಹಕ್ಕಿರಲಿಲ್ಲ. ಒಂದು ಸುಳ್ಳೂ ಹೇಳಿಲ್ಲ ಆಕೆ. ಆದರೆ ಅಣ್ಣ ಏನು ತಿಳಿದುಕೊಂಡಿರುತ್ತಾನೆ ಎನ್ನುವುದು ಎಮ್ಮೆ ಕಾಯುವವನಿಗೂ ತಿಳಿಯುವ ಮಾತು. ಅಪ್ಪನ ಮಣ್ಣಿಗೆ ಬಾರದ ಮಗ ಬರುತ್ತಾನೆಂದು ತಾಯಿ ಬಾಗಿಲಿಗೆ ಕೀಲಿ ಜಡಿದು ಹೋದಳು ಎಂದೇ. ಅವ್ವ ಕಟ್ಟೆಯ ಮೇಲೆ, ಅವನು ನಿಂತಿದ್ದನೆಂದು ದೊಡ್ಡವ್ವ ತೋರಿಸಿದ ಜಾಗದಲ್ಲಿ, ಗೋಡೆಗೆ ಕೈ ಕೊಟ್ಟು ನಿಂತಳು. ಆಮೇಲೆ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾನೂ ಉಣ್ಣಲಿಲ್ಲ. ಒಂದು ವಿಚಾರ ನನ್ನನ್ನು ಆಗ ಹಿಡಿದದ್ದು ಇಂದಿಗೂ ಬಿಟ್ಟಿಲ್ಲ. ಮುದುಕ ಹೇಳಿದಾಗ ನಾನು ಏಕೆ ಕೇಳಲಿಲ್ಲ? ಬರೀ ನನ್ನ ರಸ್ತೆಯ ಹೆಮ್ಮೆಯೇ, ಅಥವಾ ಅವನು ಅವ್ವನಿಗೆ ಸಿಗದಿದ್ದರೆ ಸಿಗದಿರಲಿ ಎಂದು ಎದೆಯ ಯಾವುದೋ ಮೂಲೆಯಲ್ಲಿ ಇತ್ತೇ? ಇರಲಿಲ್ಲ ಎಂದು ಆಣೆ ಮಾಡಿ ಹೇಳಲಾರೆ.

ಆ ಸಂಜೆ, ಅಣ್ಣನ ಹತ್ತಿರ ಹೋಗುತ್ತೇನೆಂದು ದೊಡ್ಡವ್ವನಿಗೆ ಹೇಳಿ, ಅಥಣಿಯ ಕಡೆ ಹೊರಟಿದ್ದ ಒಂದು ಬೆಲ್ಲದ ಲಾರಿಯ ಡ್ರೈವರನಿಗೆ ಕೈಮುಗಿದು ಮೇಲೆ ಹತ್ತಿದೆ. ಬೆಳಗಾಗುವಾಗ ಸವಾರರು ಅಥಣಿಯ ರಸ್ತೆಯಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಅಣ್ಣ ಬಗ್ಗಿ ಗಾಲಿಗೆ ಗಾಳಿ ಹೊಡೆಯುತ್ತಿದ್ದ. ಕಿವಿಯ ಮಗ್ಗಲು ಕೂದಲು ಬೆಳ್ಳಗಾಗಿತ್ತು, ಮೊಣಕಾಲಿನಲ್ಲಿ ಹಳೆಯ ಗಾಯಗಳು. ನನ್ನನ್ನು ನೋಡಿ ಎದ್ದು ನಿಂತ. ಇಷ್ಟು ವರ್ಷ ಅವನಿಗಾಗಿ ಕೂಡಿಟ್ಟ ಬೈಗಳಲ್ಲಿ ಒಂದೂ ನನ್ನ ಬಾಯಿಗೆ ಬರಲಿಲ್ಲ.

"ತಪ್ಪು ನಂದು," ಎಂದೆ. "ಅವ್ವ ನಿನ್ನ ನೋಡಾಕಂತಽ ಬಬಲೇಶ್ವರಕ್ಕ ಬಂದಿದ್ಲು. ಮಧ್ಯಾಹ್ನದ ತನಕಾ ಬಿಸಲಾಗ ನಿಂತಿದ್ಲು. ಆ ದಾರಿ ಅಂತ ಹೇಳಿದಾಂವ ನಾನು. ದೊಡ್ಡವ್ವ ಕರದಾಗ ಆಕಿ ಹೊಳ್ಳಾಕ ಹೊಂಟಿದ್ಲು, ತೋಳ ಹಿಡದು ಬಿಡಲಿಲ್ಲ ನಾನು."

ಅವನು ಪಂಪನ್ನು ಕೆಳಗಿಟ್ಟ. "ಈಗ ಏನ್ ಮಾಡಾಕತ್ತಾಳ?"

"ಗ್ವಾಡಿಗೆ ಮಾರಿ ಮಾಡಿ ಮಲಗ್ಯಾಳ. ಮಾತಾಡವಲ್ಲಳು."

ಸೀಟಿ ಊದಿದರು. ಸೈಕಲ್ಲುಗಳೆಲ್ಲ ಬೆಳಗಾವಿಯ ಕಡೆ ಒಮ್ಮೆಲೇ ಎದ್ದವು. ಅಣ್ಣ ತನ್ನ ಸೈಕಲ್ಲನ್ನು ಎತ್ತಿ ಮೂಡಲಿಗೆ ತಿರುಗಿಸಿಟ್ಟ, ಒಂದು ಕಾಲು ಹಾಕಿ ಹತ್ತಿದ, ನಮ್ಮೂರ ದಾರಿ ಹಿಡಿದ. ಕಂಪನಿಯ ಮನುಷ್ಯ ಮರಾಠಿಯಲ್ಲಿ ಬೈಯುತ್ತ ಸ್ವಲ್ಪ ದೂರ ಓಡಿ ನಿಂತ. ಆ ಕಂಪನಿಯ ಅನ್ನ ಅವನಿಗೆ ಅಂದಿಗೇ ತೀರಿತು. ನಾನು ರಸ್ತೆಯಲ್ಲಿ ನಿಂತು ಅತ್ತೆ. ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ಬಸ್ಸು ಸಿಕ್ಕು ನಾನು ಮನೆ ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ಅಂಗಳದಲ್ಲಿ ಸೈಕಲ್ಲು ನಿಂತಿತ್ತು. ಅಣ್ಣ ಕಟ್ಟೆಯ ಮೇಲೆ ಕೂತಿದ್ದ, ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು. ನಾನು ಹೊಸ್ತಿಲು ದಾಟಲು ಹಿಂದೆಮುಂದೆ ನೋಡುತ್ತಿದ್ದೆ. ಅಣ್ಣ ನನ್ನ ಕೈ ಹಿಡಿದು ಮಗ್ಗಲಿಗೆ ಕೂಡಿಸಿಕೊಂಡ.

"ಆರು ವರ್ಷದ ಮ್ಯಾಲ ಬಂದೇನಿ, ಕಾಲಿಗೆ ಬಿದ್ದೆ," ಎಂದ. "ಎಬ್ಬಿಸಿ ಆಕಿ ಮೊದಲನೇ ಮಾತು ಏನ್ ಕೇಳಿದ್ಲು ಗೊತ್ತೈತೇನು? ತಮ್ಮನ್ನ ಎಲ್ಲಿ ಬಿಟ್ಟು ಬಂದಿ, ನಿನ್ನಿಯಿಂದ ಒಂದು ತುತ್ತು ಉಂಡಿಲ್ಲ ಅಂವಾ ಅಂದ್ಲು."

ಕೈಕಾಲು ತೊಳೆದು ಬರುತ್ತೇನೆಂದು ನಾನು ಹಿತ್ತಲಿಗೆ ಹೋದೆ. ಅವ್ವ ಎರಡು ಸಲ ಕರೆದ ಮೇಲೆ ಒಳಗೆ ಬಂದೆ.